ಬಸ್ಸು ಓಡಿದ್ದೂ ನಿಜ, ಜನ ಕಾದದ್ದೂ ನಿಜ

ಗಂಟೆಗೆ ಆರು ಬಸ್ಸು ಬಿಟ್ಟಿದ್ದೇವೆ ಎಂದು ಡಿಪೊದವರು ಹೇಳುತ್ತಾರೆ. ಮುಕ್ಕಾಲು ಗಂಟೆ ನಿಂತರೂ ಒಂದು ಬಸ್ಸೂ ಬರಲಿಲ್ಲ ಎಂದು ಸ್ಟಾಪಿನಲ್ಲಿದ್ದವರು ಹೇಳುತ್ತಾರೆ. ಬೆಂಗಳೂರಿನಲ್ಲಿ ಈ ಜಗಳ ಬಹಳ ಹಳೆಯದು. ಇಬ್ಬರಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿರಬೇಕು ಎಂದು ಕೇಳಿದವರಿಗೆ ಅನ್ನಿಸುತ್ತದೆ. ಆದರೆ ಇಬ್ಬರೂ ನಿಜ ಹೇಳುತ್ತಿರಬಹುದು. ಆರೂ ಬಸ್ಸು ಒಂದರ ಬೆನ್ನಿಗೆ ಒಂದು ಕಾಲು ಗಂಟೆಯೊಳಗೆ ಹೋಗಿಬಿಟ್ಟರೆ ಸಂಸ್ಥೆಯ ಲೆಕ್ಕದಲ್ಲಿ ಆರೂ ಟ್ರಿಪ್ ಓಡಿದಂತೆ. ಆಮೇಲೆ ಸ್ಟಾಪಿಗೆ ಬಂದವರ ಪಾಲಿಗೆ ಬಸ್ಸೇ ಇಲ್ಲ.

ನಗರ ಸಾರಿಗೆಯ ಮೇಲೆ ಜನರಿಗಿರುವ ಸಿಟ್ಟಿನ ಬೇರು ಇಲ್ಲಿದೆ. ಬಸ್ಸು ಸಾಲದು, ರಸ್ತೆಯಲ್ಲಿ ಜಾಮ್, ಎರಡೂ ಹೌದು. ಇವೆರಡಕ್ಕಿಂತ ಆಳವಾದ ನೋವು ಮಾತ್ರ ನಂಬಿಕೆಗೆ ಸಂಬಂಧಿಸಿದ್ದು: ಇಷ್ಟು ಹೊತ್ತಿಗೆ ಹೊರಟರೆ ಇಷ್ಟು ಹೊತ್ತಿಗೆ ತಲುಪುತ್ತೇನೆ ಎಂದು ಯಾರೂ ಹೇಳಲಾರರು. ಈ ನಂಬಿಕೆಯ ಕೊರತೆಯನ್ನು ಅಳೆದು, ಅದಕ್ಕೆ ಯಾರನ್ನಾದರೂ ಹೊಣೆ ಮಾಡುವ ಪದ್ಧತಿ ನಮ್ಮಲ್ಲಿ ಬೆಳೆದೇ ಇಲ್ಲ.

ಮೊದಲು ಬಸ್ಸಿನ ಸಂಖ್ಯೆಯನ್ನೇ ನೋಡೋಣ. 1997ರ ಆಗಸ್ಟ್ 15ರಂದು ಕೆಎಸ್‌ಆರ್‌ಟಿಸಿಯಿಂದ ಬೇರೆಯಾದ ಬಿಎಂಟಿಸಿಯ ಬಳಿ ಇವತ್ತು ಸುಮಾರು 7 ಸಾವಿರ ಬಸ್ಸುಗಳಿವೆ. ದಿನಕ್ಕೆ 40 ಲಕ್ಷಕ್ಕೂ ಹೆಚ್ಚು ಸಲ ಜನ ಅವುಗಳನ್ನು ಹತ್ತುತ್ತಾರೆ. 96 ಕಿಲೋಮೀಟರ್‌ವರೆಗೆ ಬೆಳೆದಿರುವ ಮೆಟ್ರೊ ಹೊರುವುದು ಅದರ ಕಾಲು ಭಾಗದಷ್ಟು. ಸುದ್ದಿಯಲ್ಲಿ ಮೆಟ್ರೊ ಎಷ್ಟೇ ಇರಲಿ, ಊರನ್ನು ನಡೆಸುತ್ತಿರುವುದು ಬಸ್ಸು. ಒಳ್ಳೆಯ ಸೇವೆಗೆ ಲಕ್ಷ ಜನರಿಗೆ 60 ಬಸ್ಸು ಇರಬೇಕು ಎಂಬುದು ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ ಮಾನದಂಡ. ಆ ಪ್ರಕಾರ ಬೆಂಗಳೂರಿಗೆ 8 ಸಾವಿರಕ್ಕಿಂತ ಹೆಚ್ಚು ಬೇಕು. ಹತ್ತು ವರ್ಷಕ್ಕೂ ಮೀರಿದ ಕಾಲದಿಂದ ಬಸ್ಸಿನ ಸಂಖ್ಯೆ 6 ಸಾವಿರದಿಂದ 7 ಸಾವಿರದ ನಡುವೆಯೇ ಇದೆ, ಊರು ಮಾತ್ರ ನಾಲ್ಕೂ ದಿಕ್ಕಿಗೆ ಹಬ್ಬಿದೆ. ಕೊರತೆ ಇರುವುದು ಖಂಡಿತ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಐದು ಬಸ್ಸು ಇರಬೇಕಾದಲ್ಲಿ ನಾಲ್ಕಿದ್ದರೆ, ಹತ್ತು ನಿಮಿಷಕ್ಕೊಂದು ಬರಬೇಕಾದದ್ದು ಹನ್ನೆರಡೂವರೆ ನಿಮಿಷಕ್ಕೊಂದು ಬರುತ್ತದೆ. ಕಾಯುವ ಹೊತ್ತು ಸರಾಸರಿ ಒಂದೂಕಾಲು ನಿಮಿಷ ಹೆಚ್ಚಬೇಕು. ಅರ್ಧ ಗಂಟೆ ಯಾಕೆ ಹೆಚ್ಚುತ್ತದೆ?

ಇದಕ್ಕೆ ಉತ್ತರ ಶಾಲೆಯ ಗಣಿತದಲ್ಲೇ ಇದೆ. ಇಪ್ಪತ್ತು ನಿಮಿಷದಲ್ಲಿ ಎರಡು ಬಸ್ಸು ಬರುತ್ತವೆ ಎಂದಿಟ್ಟುಕೊಳ್ಳಿ. ಸರಿಯಾಗಿ ಹತ್ತು ನಿಮಿಷದ ಅಂತರದಲ್ಲಿ ಬಂದರೆ, ಯಾವ ಹೊತ್ತಿಗೋ ಸ್ಟಾಪಿಗೆ ಬರುವ ಜನ ಸರಾಸರಿ ಐದು ನಿಮಿಷ ಕಾಯುತ್ತಾರೆ. ಅದೇ ಎರಡು ಬಸ್ಸುಗಳ ನಡುವಿನ ಅಂತರ ಒಮ್ಮೆ ಹದಿನೆಂಟು ನಿಮಿಷ, ಒಮ್ಮೆ ಎರಡು ನಿಮಿಷ ಆದರೆ? ಹತ್ತು ಜನರಲ್ಲಿ ಒಂಬತ್ತು ಜನ ಆ ಹದಿನೆಂಟು ನಿಮಿಷದ ಖಾಲಿ ಹೊತ್ತಿನಲ್ಲೇ ಬಂದಿರುತ್ತಾರೆ, ಒಬ್ಬರು ಮಾತ್ರ ಎರಡು ನಿಮಿಷದ ಅಂತರದಲ್ಲಿ. ಸರಾಸರಿ ಕಾಯುವಿಕೆ ಎಂಟು ನಿಮಿಷ ದಾಟುತ್ತದೆ. ಒಂದು ಲೀಟರ್ ಡೀಸೆಲ್ ಉಳಿಯಲಿಲ್ಲ, ಒಬ್ಬ ಡ್ರೈವರ್ ಕಡಿಮೆಯಾಗಲಿಲ್ಲ, ಒಂದು ಟ್ರಿಪ್ ರದ್ದಾಗಲಿಲ್ಲ. ಆದರೂ ಜನರ ಕಾಯುವಿಕೆ ಅರ್ಧಕ್ಕಿಂತ ಹೆಚ್ಚು ಏರಿತು. ಮೂರು ಮೂರು ಬಸ್ಸು ಜೊತೆಯಾಗಿ ಬರುವ ಮಾರ್ಗದಲ್ಲಿ ಅದು ಮೂರು ಪಟ್ಟಾಗುತ್ತದೆ.

ನೂಕುನುಗ್ಗಲಿನ ವಿಚಾರವೂ ಹೀಗೆಯೇ. ಒಂಬತ್ತು ಜನರನ್ನು ಹತ್ತಿಸಿಕೊಂಡ ಮುಂದಿನ ಬಸ್ಸು ಬಾಗಿಲವರೆಗೆ ತುಂಬಿರುತ್ತದೆ, ಹಿಂದಿನದು ಖಾಲಿ ಬರುತ್ತದೆ. ಎರಡನ್ನೂ ಕೂಡಿಸಿ ಭಾಗಿಸಿದ ಅಧಿಕಾರಿಗೆ ಬಸ್ಸುಗಳು ಅರ್ಧ ತುಂಬಿ ಓಡುತ್ತಿವೆ ಎಂದು ಕಾಣುತ್ತದೆ. ಹತ್ತರಲ್ಲಿ ಒಂಬತ್ತು ಪ್ರಯಾಣಿಕರ ಅನುಭವ ಫುಟ್‌ಬೋರ್ಡಿನದು. ಈ ಸರಾಸರಿಯನ್ನು ನೋಡಿ ಆ ಮಾರ್ಗಕ್ಕೆ ಬಸ್ಸು ಸಾಕು ಎಂದು ತೀರ್ಮಾನಿಸುವುದು ಎಂಥ ಅನ್ಯಾಯ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಸರಾಸರಿಯೂ ಪೂರ್ತಿ ಸತ್ಯವನ್ನು ಹೇಳುವುದಿಲ್ಲ. ಕೆಲಸಕ್ಕೆ ಹೋಗುವವರು ಸರಾಸರಿ ದಿನವನ್ನು ನೆನೆದು ಮನೆ ಬಿಡುವುದಿಲ್ಲ, ಕೆಟ್ಟ ದಿನವನ್ನು ನೆನೆದು ಬಿಡುತ್ತಾರೆ. ಸಾಮಾನ್ಯವಾಗಿ ನಲವತ್ತು ನಿಮಿಷದ ದಾರಿ, ವಾರದಲ್ಲಿ ಒಂದು ದಿನ ಎಪ್ಪತ್ತೈದು ನಿಮಿಷವಾಗುತ್ತದೆ. ಆ ಒಂದು ದಿನ ಯಾವುದೆಂದು ಮೊದಲೇ ಗೊತ್ತಿಲ್ಲ. ಆಗ ವಾರದ ಆರೂ ದಿನ ಎಪ್ಪತ್ತೈದು ನಿಮಿಷ ಮೊದಲೇ ಹೊರಡಬೇಕು. ಒಂದು ದಿನದ ಅವ್ಯವಸ್ಥೆಗೆ ಆರು ದಿನದ ನಿದ್ದೆ, ಅಡುಗೆ, ಮಕ್ಕಳ ಜೊತೆಗಿನ ಹೊತ್ತು ಬಲಿಯಾಗುತ್ತದೆ. ಪೀಣ್ಯ, ಮೈಸೂರು ರಸ್ತೆ, ಹೊಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಇದು ಬರೀ ಬೇಸರದ ಮಾತಲ್ಲ. ತಡವಾಗಿ ಗೇಟಿಗೆ ಬಂದರೆ ಸಂಬಳಕ್ಕೆ ಕತ್ತರಿ. ನಾಲ್ಕು ಮನೆಯಲ್ಲಿ ಕೆಲಸ ಮಾಡುವಾಕೆಗೆ ಮೊದಲ ಮನೆಗೆ ತಡವಾದರೆ ನಾಲ್ಕೂ ಕಡೆ ಮಾತು ಕೇಳಬೇಕು. ಕೈಲಾದವರು ಸಾಲ ಮಾಡಿಯಾದರೂ ಸ್ಕೂಟರ್ ಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿದ್ದರ ಹಿಂದೆ ಶೋಕಿ ಇದೆ, ಸರಿ. ಬಸ್ಸನ್ನು ನಂಬಿ ಕೆಟ್ಟವರ ನಿರ್ಧಾರವೂ ದೊಡ್ಡ ಪ್ರಮಾಣದಲ್ಲಿದೆ. ಹಾಗೆ ಬಂದ ಪ್ರತಿ ಸ್ಕೂಟರೂ ಬಸ್ಸಿನ ದಾರಿಯನ್ನು ಇನ್ನಷ್ಟು ಕಿರಿದು ಮಾಡುತ್ತದೆ.

ಬಸ್ಸುಗಳು ಹೀಗೆ ಗುಂಪಾಗುವುದು ಯಾಕೆ? ಡ್ರೈವರ್‌ಗಳು ಹರಟೆ ಹೊಡೆದು ಜೊತೆಯಾಗಿ ಹೊರಡುತ್ತಾರೆ ಎಂಬುದು ಸ್ಟಾಪಿನಲ್ಲಿ ಕೇಳಿಬರುವ ವಿವರಣೆ. ಅಲ್ಲೊಮ್ಮೆ ಇಲ್ಲೊಮ್ಮೆ ಹಾಗೂ ಆಗಬಹುದು, ಆದರೆ ಯಾರ ತಪ್ಪೂ ಇಲ್ಲದೆಯೇ ಬಸ್ಸುಗಳು ಗುಂಪಾಗುತ್ತವೆ. ಒಂದು ಬಸ್ಸು ಸಿಗ್ನಲ್ಲಿನಲ್ಲಿ ಎರಡು ನಿಮಿಷ ಸಿಕ್ಕಿಕೊಂಡಿತು. ಮುಂದಿನ ಸ್ಟಾಪಿನಲ್ಲಿ ಆ ಎರಡು ನಿಮಿಷದಲ್ಲಿ ಇನ್ನಷ್ಟು ಜನ ಸೇರಿದರು. ಅವರು ಹತ್ತಲು, ಒಳಗಿನವರು ನುಸುಳಿ ಇಳಿಯಲು ಹೆಚ್ಚು ಹೊತ್ತು ಹಿಡಿಯಿತು. ಅದರ ಮುಂದಿನ ಸ್ಟಾಪಿಗೆ ಇನ್ನೂ ತಡ, ಅಲ್ಲಿ ಇನ್ನೂ ಹೆಚ್ಚು ಜನ. ಹಿಂದಿನ ಬಸ್ಸಿಗೆ ಇದರ ತಿರುವುಮುರುವು: ಸ್ಟಾಪುಗಳಲ್ಲಿ ಜನ ಕಡಿಮೆ, ನಿಲ್ಲುವ ಹೊತ್ತೂ ಕಡಿಮೆ. ಸ್ವಲ್ಪ ಹೊತ್ತಿನಲ್ಲೇ ಅದು ಮುಂದಿನದನ್ನು ಹಿಡಿಯುತ್ತದೆ. ಗಾರ್ಡನ್ ನ್ಯೂವೆಲ್ ಮತ್ತು ರೆನ್‌ಫ್ರೇ ಪಾಟ್ಸ್ ಎಂಬ ಇಬ್ಬರು ಗಣಿತಜ್ಞರು 1964ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದರು. ಒಮ್ಮೆ ತಪ್ಪಿದ ಅಂತರ ತಾನಾಗಿ ಸರಿಹೋಗುವುದಿಲ್ಲ, ಹೋಗಹೋಗುತ್ತಾ ಕೆಡುತ್ತದೆ. ಯಾರಾದರೂ ನಡುವೆ ಕೈಹಾಕಿ ಸರಿಪಡಿಸಲೇಬೇಕು.

ನಮ್ಮ ವ್ಯವಸ್ಥೆಯಲ್ಲಿ ಕೈಹಾಕುವ ಆ ಜಾಗ ದುರ್ಬಲವಾಗಿದೆ. ಡಿಪೊದಲ್ಲಿ ಫಾರಂ-4 ಎಂಬ ವೇಳಾಪಟ್ಟಿ ಇರುತ್ತದೆ: ಯಾವ ಶೆಡ್ಯೂಲ್ ಎಷ್ಟು ಹೊತ್ತಿಗೆ ಹೊರಡಬೇಕು, ಎಷ್ಟು ಟ್ರಿಪ್, ಎಷ್ಟು ಕಿಲೋಮೀಟರ್. ಬಸ್ಸು ನಿಲ್ದಾಣದಿಂದ ಹೊತ್ತಿಗೆ ಸರಿಯಾಗಿ ಹೊರಟಿತೇ ಎಂದು ನೋಡಲು ಜನ ಇದ್ದಾರೆ. ಹೊರಟ ಮೇಲೆ ಸಿಲ್ಕ್ ಬೋರ್ಡಿನಲ್ಲೋ ಟಿನ್ ಫ್ಯಾಕ್ಟರಿಯಲ್ಲೋ ಅದು ಇನ್ನೊಂದರ ಬಾಲ ಹಿಡಿದರೆ, 'ನೀನು ಇಲ್ಲಿ ಎರಡು ನಿಮಿಷ ನಿಲ್ಲು' ಎಂದು ಹೇಳುವವರು ಬೇಕಲ್ಲವೇ? ಡ್ರೈವರ್‌ಗಾದರೋ ನಿಗದಿತ ಡ್ಯೂಟಿಯೊಳಗೆ ಟ್ರಿಪ್ ಮುಗಿಸುವ ಒತ್ತಡ, ಕಂಡಕ್ಟರ್‌ಗೆ ಕಲೆಕ್ಷನ್ನಿನ ಒತ್ತಡ. ಬೆಳಗ್ಗೆಯಿಂದ ಜಾಮಿನಲ್ಲಿ ಕಳೆದ ಹೊತ್ತೆಲ್ಲ ಸೇರಿ ಸಂಜೆ ಹೊತ್ತಿಗೆ ಒಂದು ಇಡೀ ಟ್ರಿಪ್ಪನ್ನು ನುಂಗುತ್ತದೆ. ಹಾಗೆ ಕಟ್ ಆಗುವುದು ಜನ ಮನೆಗೆ ಮರಳುವ ಹೊತ್ತಿನ ಟ್ರಿಪ್ಪೇ. ಸಿಬ್ಬಂದಿಯನ್ನು ಬೈಯುವವರು ಇದನ್ನೂ ನೆನೆಯಬೇಕು: 38 ತಿಂಗಳ ವೇತನ ಬಾಕಿಗಾಗಿ ಸಾರಿಗೆ ನೌಕರರು 2025ರ ಆಗಸ್ಟ್ 5ರಂದು ರಾಜ್ಯದಾದ್ಯಂತ ಮುಷ್ಕರಕ್ಕೆ ಇಳಿಯಬೇಕಾಯಿತು. ಎಂಟು ಗಂಟೆ ಈ ಊರಿನ ಟ್ರಾಫಿಕ್ಕಿನಲ್ಲಿ ಬಸ್ಸು ಓಡಿಸುವ ಮನುಷ್ಯ ಈ ಅವ್ಯವಸ್ಥೆಯ ಕಾರಣವಲ್ಲ, ಅದರ ಮೊದಲ ಸಂತ್ರಸ್ತ.

ಇನ್ನೊಂದು ಕಾರಣ ಮಾರ್ಗಗಳ ಉದ್ದ. ಬನಶಂಕರಿಯಿಂದ ವೈಟ್‌ಫೀಲ್ಡಿನ ಐಟಿ ಪಾರ್ಕ್ ಐಟಿಪಿಎಲ್‌ವರೆಗೆ ಹೊರವರ್ತುಲ ರಸ್ತೆಯನ್ನು ಸುತ್ತಿ ಹೋಗುವ 500 ಸರಣಿಯ ಬಸ್ಸುಗಳನ್ನೇ ನೋಡಿ. ಸಿಲ್ಕ್ ಬೋರ್ಡಿನ ಜಾಮು, ಮಾರತ್ತಹಳ್ಳಿಯ ಜಾಮು, ದಾರಿಯ ಪ್ರತಿ ಜಂಕ್ಷನ್ನಿನ ತಡವನ್ನೂ ಹೊತ್ತುಕೊಂಡು ಕೊನೆ ಸ್ಟಾಪಿಗೆ ಹೋಗುತ್ತವೆ. ಬನಶಂಕರಿಯಲ್ಲಿ ಆದ ತೊಂದರೆಯನ್ನು ಐಟಿಪಿಎಲ್‌ನಲ್ಲಿ ನಿಂತವರು ಅನುಭವಿಸಬೇಕು. ಮಾರ್ಗಗಳನ್ನು ಚಿಕ್ಕದು ಮಾಡಿ, ನಡುವೆ ಇಳಿದು ಇನ್ನೊಂದು ಬಸ್ಸು ಹತ್ತುವಂತೆ ಜೋಡಿಸಿದರೆ ಅಂತರ ಕಾಯುವುದು ಸುಲಭ. ಆದರೆ ಜನ ಒಪ್ಪುತ್ತಿರಲಿಲ್ಲ, ಒಪ್ಪದಿರಲು ನ್ಯಾಯವಾದ ಕಾರಣವೂ ಇತ್ತು: ಬಸ್ಸು ಬದಲಿಸಿದರೆ ಮತ್ತೆ ಮೊದಲ ಸ್ಟೇಜಿನಿಂದ ಟಿಕೆಟ್.

ಇಲ್ಲಿ ಶಕ್ತಿ ಯೋಜನೆ ಒಂದು ಬಾಗಿಲು ತೆರೆದಿದೆ, ಅದನ್ನು ಯಾರೂ ಗಮನಿಸಿದಂತಿಲ್ಲ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಅಂದರೆ ಪ್ರಯಾಣಿಕರಲ್ಲಿ ಅಷ್ಟು ದೊಡ್ಡ ಪಾಲಿಗೆ ಬಸ್ಸು ಬದಲಿಸುವ ದಂಡ ಇಲ್ಲವಾಯಿತು. ಪಾಸ್ ಇರುವ ವಿದ್ಯಾರ್ಥಿಗಳು, ನೌಕರರಿಗೆ ಮೊದಲೇ ಇರಲಿಲ್ಲ. ಉಳಿದವರಿಗೆ ಒಂದು ನಿಗದಿತ ಹೊತ್ತಿನೊಳಗೆ ಬಸ್ಸು ಬದಲಿಸಿದರೂ ಅದೇ ಟಿಕೆಟ್ ಸಾಕು ಎಂದು ಮಾಡಿದರೆ ಮಾರ್ಗಜಾಲವನ್ನೇ ಹೊಸದಾಗಿ ಹೆಣೆಯಬಹುದು. ಶಕ್ತಿಯಿಂದಲೇ ಬಸ್ಸು ಕೆಟ್ಟಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಸ್ಸುಗಳು ಗುಂಪಾಗಿ ಬರುವುದು, ಟ್ರಿಪ್ ಕಟ್ಟಾಗುವುದು, ಸ್ಟಾಪಿನಲ್ಲಿ ನಿಲ್ಲಿಸದೆ ಹೋಗುವುದು 2023ಕ್ಕೆ ಎಷ್ಟೋ ಮೊದಲಿನ ದೂರುಗಳು. ಶಕ್ತಿಯಲ್ಲಿ ತಿದ್ದಬೇಕಾದದ್ದು ಒಂದಿದೆ: ಗುರುತಿನ ಚೀಟಿ ನೋಡಿ ಪ್ರತಿಯೊಬ್ಬರಿಗೂ ಶೂನ್ಯ ಟಿಕೆಟ್ ಹರಿದು ಕೊಡುವ ಕೆಲಸ. ತುಂಬಿದ ಬಸ್ಸಿನಲ್ಲಿ ಅದು ಮುಗಿಯುವವರೆಗೆ ಬಸ್ಸೇ ರಸ್ತೆ ಬದಿಯಲ್ಲಿ ನಿಂತದ್ದೂ ಉಂಟು. ಒಮ್ಮೆ ಕೊಟ್ಟು ಬಳಸುವ ಕಾರ್ಡು ಬಂದರೆ ಹತ್ತುವ ವೇಗ ಹೆಚ್ಚುತ್ತದೆ, ಬಸ್ಸಿನ ಅಂತರವೂ ಅಷ್ಟು ಉಳಿಯುತ್ತದೆ.

ರಸ್ತೆಯ ಮಾತಿಗೆ ಬಂದರೆ, ಬೆಂಗಳೂರು ಈ ರೋಗದ ಮದ್ದನ್ನು ಒಮ್ಮೆ ಕೈಯಲ್ಲಿ ಹಿಡಿದಿತ್ತು. 2019ರ ಅಕ್ಟೋಬರಿನಲ್ಲಿ ಸಿಲ್ಕ್ ಬೋರ್ಡಿನಿಂದ ಟಿನ್ ಫ್ಯಾಕ್ಟರಿವರೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ ಆದ್ಯತಾ ಪಥ ಆರಂಭವಾಯಿತು. ರಸ್ತೆಯ ಒಂದು ಪಟ್ಟಿಗೆ ಬೊಲ್ಲಾರ್ಡ್ (ಗಿಡ್ಡ ತಡೆಗಂಬ) ನೆಟ್ಟು ಬಸ್ಸಿಗೆ ಬಿಟ್ಟರು. ಕಾರುಗಳು ಪಕ್ಕದಲ್ಲಿ ತೆವಳುವಾಗ ಬಸ್ಸು ಮುಂದೆ ಹೋಗುವುದನ್ನು ಐಟಿ ಕಂಪನಿಗಳ ಜನ ಕಣ್ಣಾರೆ ಕಂಡರು. ಅಲ್ಲಲ್ಲಿ ಬೊಲ್ಲಾರ್ಡ್ ಮುರಿದವು, ಬೈಕುಗಳು ನುಗ್ಗಿದವು, ಆದರೂ ಅದು ಕೆಲಸ ಮಾಡುತ್ತಿತ್ತು. ಕೆಲವೇ ತಿಂಗಳಲ್ಲಿ ಕೋವಿಡ್ ಬಂತು, ಆಮೇಲೆ ಅದೇ ರಸ್ತೆಯಲ್ಲಿ ಮೆಟ್ರೊ ನೀಲಿ ಮಾರ್ಗದ ಕಾಮಗಾರಿ. ಪಥ ಅಳಿಸಿಹೋಯಿತು. ಮೆಟ್ರೊ ಕಟ್ಟುವಾಗ ರಸ್ತೆ ಕಿರಿದಾಗುವುದರಿಂದ ಬಸ್ಸಿಗೆ ಪಥ ಇನ್ನೂ ಹೆಚ್ಚು ಬೇಕಿತ್ತು. ಇರುವ ಜಾಗದಲ್ಲಿ ಹೆಚ್ಚು ಜನರನ್ನು ಸಾಗಿಸುವುದು ಬಸ್ಸು ತಾನೆ? ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆಯ ಯೋಜನೆ ಸಾವಿರಾರು ಕೋಟಿಯ ಲೆಕ್ಕದಲ್ಲಿ ಚರ್ಚೆಯಾಗುತ್ತಿದೆ. ಬಣ್ಣ, ಬೊಲ್ಲಾರ್ಡ್, ಕ್ಯಾಮೆರಾ ಮತ್ತು ಪೊಲೀಸರ ಮನಸ್ಸು ಸಾಕಾಗುವ ಬಸ್ ಪಥಕ್ಕೆ ಆ ಚರ್ಚೆಯಲ್ಲಿ ಜಾಗವಿಲ್ಲದಿರುವುದು ನನಗೆ ನಿಜವಾಗಿ ನೋವಿನ ಸಂಗತಿ.

ಪಥವೊಂದಿದ್ದರೆ ಎಲ್ಲ ಸರಿಹೋಗುತ್ತದೆ ಎಂದಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ ಸುಮಾರು 22 ಕಿಲೋಮೀಟರ್ ಬಿಆರ್‌ಟಿಎಸ್, ಅಂದರೆ ತ್ವರಿತ ಬಸ್ ಸಾರಿಗೆ ವ್ಯವಸ್ಥೆ, ಇದೆ. 2018ರಲ್ಲಿ ಪ್ರಾಯೋಗಿಕವಾಗಿ ಓಡಿ, 2020ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದ ಚಿಗರಿ ಬಸ್ಸುಗಳಿಗೆ ರಸ್ತೆಯ ನಡುವೆ ಸ್ವಂತ ದಾರಿ, ಬಸ್ಸಿನ ಮಟ್ಟಕ್ಕೇ ಇರುವ ಪ್ಲಾಟ್‌ಫಾರಂ, ಹತ್ತುವ ಮೊದಲೇ ಟಿಕೆಟ್. ಬಸ್ಸು ಗುಂಪಾಗಲು ಇರುವ ಎರಡು ದೊಡ್ಡ ಕಾರಣಗಳನ್ನೇ ಅಲ್ಲಿ ತೆಗೆದುಹಾಕಿದ್ದರು. ಮೊದಲ ವರ್ಷಗಳಲ್ಲಿ ಅವಳಿನಗರದ ಜನ ಅದನ್ನು ನೆಚ್ಚಿಕೊಂಡರು. ಕಾಲ ಕಳೆದಂತೆ ಬಸ್ಸುಗಳು ಹಳತಾದವು, ನಿಲ್ದಾಣಗಳ ನಿರ್ವಹಣೆ ಸೊರಗಿತು, ಈಗ ಆ ದಾರಿಯನ್ನು ಬೇರೆ ವಾಹನಗಳಿಗೂ ತೆರೆಯಿರಿ ಎಂಬ ಕೂಗು ಎದ್ದಿದೆ. ಕಟ್ಟಲು ಹಣ ಬರುತ್ತದೆ, ಕಟ್ಟಿದ್ದನ್ನು ವರ್ಷವರ್ಷವೂ ಹಾಗೇ ಉಳಿಸಿಕೊಳ್ಳಲು ಬರುವುದಿಲ್ಲ.

ಮೆಟ್ರೊ ಇದಕ್ಕೆ ಹೊರತೇ? ಸ್ವಂತ ಹಳಿ ಇರುವುದರಿಂದ ರೈಲು ಹೇಳಿದ ಹೊತ್ತಿಗೆ ಬರುತ್ತದೆ, ಅದಕ್ಕೇ ಜನ ಹೆಚ್ಚು ದುಡ್ಡು ಕೊಟ್ಟಾದರೂ ಹತ್ತುತ್ತಾರೆ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಎದ್ದ ಆಕ್ರೋಶದಲ್ಲಿ ಈ ಅವಲಂಬನೆಯೂ ಕಾಣುತ್ತಿತ್ತು. ಆದರೆ ಹಳದಿ ಮಾರ್ಗವನ್ನು ನೋಡಿ. ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್, 16 ನಿಲ್ದಾಣ. ಹಳಿ, ನಿಲ್ದಾಣ ಎಲ್ಲ ಸಿದ್ಧವಾದ ಮೇಲೂ ರೈಲುಗಳಿಲ್ಲದೆ ಕಾದು, ಕೊನೆಗೆ 2025ರ ಆಗಸ್ಟ್ 10ರಂದು ಮೂರೇ ರೈಲಿನೊಂದಿಗೆ ಶುರುವಾಯಿತು. ಎರಡು ರೈಲಿನ ನಡುವೆ 25 ನಿಮಿಷ. ಆಮೇಲೆ ರೈಲುಗಳು ಒಂದೊಂದಾಗಿ ಸೇರಿದಂತೆ ಅಂತರ ಇಳಿಯುತ್ತಾ ಬಂತು. ಎಲೆಕ್ಟ್ರಾನಿಕ್ ಸಿಟಿಯ ಜನರಿಗೆ ಬೇಕಿದ್ದದ್ದು ಹಳಿಯಷ್ಟೇ ಅಲ್ಲ, ಹತ್ತು ನಿಮಿಷದೊಳಗೆ ಬರುವ ರೈಲು. ಉಪನಗರ ರೈಲಿನ ಕತೆಯಂತೂ ಇನ್ನೂ ಹಿಂದಿದೆ. 148 ಕಿಲೋಮೀಟರ್ ಯೋಜನೆಗೆ 2022ರ ಜೂನ್‌ನಲ್ಲಿ ಅಡಿಗಲ್ಲು ಬಿತ್ತು, 40 ತಿಂಗಳಲ್ಲಿ ಮುಗಿಸುವ ಮಾತು ಕೊಟ್ಟರು. ಆ 40 ತಿಂಗಳು 2025ರ ಅಕ್ಟೋಬರಿಗೆ ಮುಗಿದವು, ಒಂದು ಮಾರ್ಗವೂ ತೆರೆದಿರಲಿಲ್ಲ.

ಹಾಗಾದರೆ ಏನು ಬದಲಾಗಬೇಕು? ನನ್ನ ಪ್ರಕಾರ ಮೊದಲು ಬದಲಾಗಬೇಕಾದದ್ದು ಅಳತೆ. ಲಂಡನ್ನಿನಲ್ಲಿ ಬಸ್ಸುಗಳನ್ನು ಓಡಿಸುವುದು ಖಾಸಗಿ ಕಂಪನಿಗಳು, ಮಾರ್ಗ ಮತ್ತು ದರ ಸರ್ಕಾರಿ ಸಂಸ್ಥೆಯ ಕೈಯಲ್ಲಿ. ಗಂಟೆಗೆ ಐದು ಅಥವಾ ಹೆಚ್ಚು ಬಸ್ಸಿರುವ ಮಾರ್ಗದಲ್ಲಿ ಅವರು ಬಸ್ಸು ವೇಳಾಪಟ್ಟಿಯ ಹೊತ್ತಿಗೆ ಬಂತೇ ಎಂದು ನೋಡುವುದಿಲ್ಲ. ಪ್ರಯಾಣಿಕರು ಕಾಯಬೇಕಾಗಿದ್ದಕ್ಕಿಂತ ಎಷ್ಟು ಹೆಚ್ಚು ಕಾದರು ಎಂದು ನೋಡುತ್ತಾರೆ. ಮೇಲೆ ಹೇಳಿದ ಲೆಕ್ಕದಲ್ಲಿ ಐದು ನಿಮಿಷ ಕಾಯಬೇಕಾದವರು ಎಂಟು ನಿಮಿಷ ಕಾದರಲ್ಲ, ಆ ಮೂರು ನಿಮಿಷವೇ ಅಳತೆ. 2001ರಿಂದ ಈಚೆಗೆ ಕಂಪನಿಗಳ ಬೋನಸ್ಸು, ದಂಡ ಎರಡನ್ನೂ ಇದಕ್ಕೆ ಕಟ್ಟಿದರು. ಗುಂಪಾಗಿ ಬಂದ ಬಸ್ಸಿನಿಂದ ಕಂಪನಿಗೇ ನಷ್ಟ ಎಂದಾದ ಮೇಲೆ ಕಂಟ್ರೋಲ್ ರೂಮಿನಲ್ಲಿ ಕೂತವರು ಹಿಂದಿನ ಬಸ್ಸಿನ ಡ್ರೈವರ್‌ಗೆ ತಾವಾಗಿಯೇ 'ಸ್ವಲ್ಪ ನಿಲ್ಲು' ಎನ್ನತೊಡಗಿದರು. ಇಡೀ ಲಂಡನ್ನಿನಲ್ಲಿ ಆ ಹೆಚ್ಚುವರಿ ಕಾಯುವಿಕೆ ಸುಮಾರು ಒಂದು ನಿಮಿಷದ ಆಸುಪಾಸಿಗೆ ಇಳಿಯಿತು. ಲಂಡನ್ನಿನ ರಸ್ತೆಗಳೂ ಕಿರಿದು, ಅಲ್ಲೂ ಜಾಮ್ ಇದೆ.

ಇದನ್ನು ಇಲ್ಲಿ ಅಳೆಯಲು ಹೊಸ ಯಂತ್ರ ಬೇಕಿಲ್ಲ. ಬಿಎಂಟಿಸಿ ಬಸ್ಸುಗಳಲ್ಲಿ ಜಿಪಿಎಸ್ ವ್ಯವಸ್ಥೆ 2016ರಲ್ಲೇ ಬಂದಿದೆ, 2023ರಲ್ಲಿ ನಮ್ಮ ಬಿಎಂಟಿಸಿ ಆ್ಯಪ್ ಬಿಡುಗಡೆಯಾಯಿತು. ಯಾವ ಬಸ್ಸು ಯಾವ ಸ್ಟಾಪನ್ನು ಎಷ್ಟು ಹೊತ್ತಿಗೆ ದಾಟಿತು ಎಂಬುದು ದಾಖಲಾಗುತ್ತದೆ. ಅದರಿಂದ ಮಾರ್ಗವಾರು, ಸ್ಟಾಪುವಾರು ಎರಡು ಬಸ್ಸಿನ ನಡುವಿನ ಅಂತರವನ್ನು ತಿಂಗಳಿಗೊಮ್ಮೆ ಪ್ರಕಟಿಸುವುದು ಒಂದು ಆದೇಶದ ಕೆಲಸ. 335ಇ ಮಾರ್ಗದಲ್ಲಿ ಸಂಜೆ ಆರರಿಂದ ಎಂಟರೊಳಗೆ ಅತಿ ದೊಡ್ಡ ಅಂತರ ಎಷ್ಟಿತ್ತು ಎಂದು ಗೊತ್ತಾದರೆ ಪ್ರಯಾಣಿಕರ ಸಂಘಟನೆಗಳು, ಶಾಸಕರು, ಪತ್ರಕರ್ತರು ಅದನ್ನು ಹಿಡಿದು ಕೇಳಬಹುದು. 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿತು. ಹೆಚ್ಚು ದುಡ್ಡು ಕೊಟ್ಟವರಿಗೆ ಏನು ಸಿಕ್ಕಿತು ಎಂದು ತೋರಿಸುವ ಒಂದು ಅಂಕಿಯಾದರೂ ಬೇಡವೇ?

ಈ ಕೆಲಸಕ್ಕೆ ಈಗಿನ ಹೊತ್ತು ಬಹಳ ಮುಖ್ಯ. ಎಲೆಕ್ಟ್ರಿಕ್ ಬಸ್ಸುಗಳು ಬರುತ್ತಿರುವುದು ಗುತ್ತಿಗೆಯಲ್ಲಿ: ಬಸ್ಸು ಮತ್ತು ಡ್ರೈವರ್ ಕಂಪನಿಯದು, ಕಂಡಕ್ಟರ್ ಸಂಸ್ಥೆಯವರು, ಹಣ ಕಿಲೋಮೀಟರ್‌ಗೆ ಇಷ್ಟು ಎಂದು. ಟಾಟಾದ 921 ಬಸ್ಸುಗಳು ಹೀಗೇ ಬಂದವು. ಕಿಲೋಮೀಟರ್ ಲೆಕ್ಕಕ್ಕೆ, ಮುಂದಿನ ಬಸ್ಸಿಗೆ ಅಂಟಿಕೊಂಡು ಖಾಲಿ ಓಡಿದ ಬಸ್ಸೂ ಒಂದೇ, ಹೊತ್ತಿಗೆ ಬಂದು ಐವತ್ತು ಜನರನ್ನು ಮುಟ್ಟಿಸಿದ ಬಸ್ಸೂ ಒಂದೇ. ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ 4,500 ಬಸ್ಸುಗಳನ್ನು ಹಂಚಿದ್ದಾರೆ. ಈಗಿರುವ ಬಸ್ಸುಗಳ ಅರ್ಧಕ್ಕಿಂತ ಹೆಚ್ಚು ಅದು. ಇಂಥ ಗುತ್ತಿಗೆಗಳು ಹತ್ತು ಹನ್ನೆರಡು ವರ್ಷ ನಡೆಯುತ್ತವೆ, ಸಹಿ ಬಿದ್ದ ಮೇಲೆ ಷರತ್ತು ಬದಲಿಸುವುದು ಕಷ್ಟ. ಸಂಸ್ಥೆಯ ಜೊತೆ ಆಗುವ ಒಪ್ಪಂದದಲ್ಲಿ ಕಿಲೋಮೀಟರ್ ದರದ ಒಂದು ಪಾಲನ್ನಾದರೂ ಬಸ್ಸುಗಳ ನಡುವಿನ ಅಂತರಕ್ಕೆ ಕಟ್ಟಬೇಕು. ಜಾಮಿನಿಂದ ಆದ ತಡಕ್ಕೆ ಕಂಪನಿಯನ್ನು ದಂಡಿಸುವುದು ನ್ಯಾಯವಲ್ಲ ಎಂದು ಅವರು ವಾದಿಸುತ್ತಾರೆ, ಅದು ಸರಿಯೂ ಹೌದು. ಆಗ ಬಸ್ಸಿಗೆ ದಾರಿ ಬಿಡಿಸಿಕೊಡುವ ಹೊಣೆ ಟ್ರಾಫಿಕ್ ಪೊಲೀಸರು ಮತ್ತು ಪಾಲಿಕೆಗಳ ಮೇಲೆ ಬರೆದ ಷರತ್ತಾಗಿಯೇ ಬೀಳಬೇಕಾಗುತ್ತದೆ. ಇವರನ್ನೆಲ್ಲ ಒಂದೇ ಮೇಜಿಗೆ ತರಲೆಂದೇ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಮಸೂದೆಗೆ ವಿಧಾನಮಂಡಲ 2022ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತ್ತು. ಹೊರವರ್ತುಲ ರಸ್ತೆಯ 500 ಸರಣಿಯ ಮಾರ್ಗಗಳಲ್ಲಿ ಎರಡು ಬಸ್ಸಿನ ನಡುವಿನ ಅಂತರ ಹದಿನೈದು ನಿಮಿಷ ಮೀರಬಾರದು ಎಂಬ ಗುರಿಯನ್ನು ಆ ಪ್ರಾಧಿಕಾರ ಮೊದಲು ಹಾಕಿಕೊಂಡು, ಅದರ ಫಲಿತಾಂಶವನ್ನು ಪ್ರತಿ ತಿಂಗಳು ಪ್ರಕಟಿಸಲಿ.